ಗ್ರೆನೆಡಾದಿಂದ ಟ್ರಿನಿಡಾಡ್‌ಗೆ, ಒಂದು ರಾತ್ರಿ

ಸಂಜೆ ಐದಕ್ಕೆ ಗ್ರೆನೆಡಾದ ಪ್ರಿಕ್ಲಿ ಬೇಯಲ್ಲಿ ಲಂಗರು ಎತ್ತಿದೆವು. ಟ್ರಿನಿಡಾಡ್‌ನ ಚಾಗ್ವಾರಾಮಸ್‌ಗೆ ಸುಮಾರು 80 ನಾಟಿಕಲ್ ಮೈಲಿ. ಗಂಟೆಗೆ ಐದಾರು ಮೈಲಿ ಓಡುವ ನಮ್ಮ ಹಾಯಿದೋಣಿಗೆ ಅದು ಹಗಲಲ್ಲೇ ಮುಗಿಯುವ ಹಾದಿಯಲ್ಲ. ಸಂಜೆ ಹೊರಟರೆ ಬೆಳಕಿರುವಾಗ ದಡ ಸಿಗುತ್ತದೆ.

ಮೊದಲ ಪಾಳಿ ಇವರದು. ನಾನು ಕೆಳಗೆ ಹೋಗಿ ಮಲಗಿದೆ, ನಿದ್ದೆ ಎಲ್ಲಿಯದು! ಕಪಾಟಿನೊಳಗೆ ಯಾವುದೋ ಚಮಚ, ಅಲೆ ಬಂದಾಗಲೆಲ್ಲ ಟಣ್ ಅನ್ನುತ್ತಿತ್ತು. ಮೂರು ಸಲ ಎದ್ದು ತಡಕಾಡಿದೆ. ಕೊನೆಗೆ ಸಿಕ್ಕಿದ್ದು ಚಮಚವಲ್ಲ, ಜಾಡಿಯ ಮುಚ್ಚಳ. ಕೈಗೆ ಸಿಕ್ಕ ಕಾಲುಚೀಲದಲ್ಲಿ ಸುತ್ತಿ ತುರುಕಿದೆ.

ಒಂಬತ್ತಕ್ಕೆ ಚುಕ್ಕಾಣಿ ನನ್ನ ಕೈಗೆ. ಗಾಳಿ ಪೂರ್ವದಿಂದ, ಹದವಾಗಿ. ಇಲ್ಲಿ ತಲೆನೋವು ಗಾಳಿಯದಲ್ಲ, ನೀರಿನದು. ಪ್ರವಾಹ ದೋಣಿಯನ್ನು ಪಶ್ಚಿಮಕ್ಕೆ, ಅಂದರೆ ವೆನೆಜುವೆಲಾ ಕಡೆಗೆ ಎಳೆಯುತ್ತಲೇ ಇರುತ್ತದೆ. ಮೂತಿಯನ್ನು ಗುರಿಗಿಂತ ಪೂರ್ವಕ್ಕೇ ಹಿಡಿದು ಏಡಿಯ ಹಾಗೆ ಓರೆಯಾಗಿ ಸಾಗಬೇಕು. ಈ ಹಾದಿಯಲ್ಲಿ ಹಿಂದೆ ದರೋಡೆಗಳಾಗಿವೆ. ಹಾಗಾಗಿ ಪ್ರಯಾಣದ ವಿವರವನ್ನು ಟ್ರಿನಿಡಾಡ್‌ನ ಕರಾವಳಿ ಪಡೆಗೆ ಮೊದಲೇ ಕಳಿಸಿದ್ದೆವು. ಆದರೂ ದೂರದಲ್ಲೊಂದು ದೀಪ ಕಂಡರೆ ಎದೆ ಧಸಕ್ಕೆನ್ನುತ್ತಿತ್ತು.

ಹನ್ನೊಂದು ದಾಟಿದ ಮೇಲೆ ದಕ್ಷಿಣದ ಅಂಚಿನಲ್ಲಿ ಮಂಕು ಬೆಳಕು. ಸಮುದ್ರದ ತಳದಿಂದ ಅನಿಲ ತೆಗೆಯುವ ಹಿಬಿಸ್ಕಸ್ ವೇದಿಕೆ. ಸಮುದ್ರದ ನಡುವೆ ಯಾರೋ ಮದುವೆ ಮನೆಗೆ ದೀಪ ಹಾಕಿದಂತಿತ್ತು. ನನ್ನ ಪಾಳಿ ಮುಗಿದರೂ ಅದು ಹತ್ತಿರವಾದಂತೆ ಕಾಣಲೇ ಇಲ್ಲ.

ಬೆಳಗ್ಗೆ ಬೋಕಾ ಡಿ ಮೋನೋಸ್ ಎಂಬ ಕಿರಿದಾದ ಜಲಸಂಧಿ ಹೊಕ್ಕಾಗ ಗುಡ್ಡಗಳಿಂದ ಹಸಿ ಎಲೆಯ ವಾಸನೆ. ಹೊರದೇಶದಿಂದ ಬಂದ ದೋಣಿ ಪ್ರವೇಶಕ್ಕೆ ಅನುಮತಿ ಕೇಳುವ ಹಳದಿ ಬಾವುಟ ಏರಿಸುತ್ತಿದ್ದೆ. ಟೀ ಮಾಡಲು ಕೆಳಗಿಳಿದಿದ್ದ ಇವರು ಅಲ್ಲಿಂದಲೇ ಕೂಗಿದರು: “ಲೇ, ನನ್ನ ಕಾಲುಚೀಲ ಇಲ್ಲಿ ಯಾಕಿದೆ?”