ಬಿಡುವಿನ ಹಬ್ಬದಲ್ಲಿ ಹಗ್ಗ ಹಿಡಿದವರು

ಆಗಸ್ಟ್ 15 ಬಂತೆಂದರೆ ಇಟಲಿಯ ಊರುಗಳು ಬಾಗಿಲು ಹಾಕಿಕೊಳ್ಳುತ್ತವೆ. ಅಂಗಡಿಗಳ ಷಟರ್ ಮೇಲೆ ರಜೆಯ ಚೀಟಿ ಅಂಟಿರುತ್ತದೆ. ಜನ ಸಮುದ್ರದ ಕಡೆ ಹೋಗಿರುತ್ತಾರೆ, ಇಲ್ಲವೇ ತಂಪು ಹುಡುಕಿಕೊಂಡು ಬೆಟ್ಟ ಹತ್ತಿರುತ್ತಾರೆ. ಈ ಹಬ್ಬವನ್ನು ಅವರು ಫೆರಾಗೊಸ್ತೊ ಅನ್ನುತ್ತಾರೆ. ಯೇಸುಸ್ವಾಮಿಯ ತಾಯಿ ಮರಿಯಮ್ಮನವರು ದೇಹ ಸಮೇತ ಸ್ವರ್ಗ ಸೇರಿದ ಹಬ್ಬವೂ ಅದೇ ದಿನ. ಕರ್ನಾಟಕದ ಕಥೋಲಿಕ ಚರ್ಚುಗಳಲ್ಲೂ ಅವತ್ತು ವಿಶೇಷ ಪೂಜೆ. ಸ್ವಾತಂತ್ರ್ಯ ದಿನವೂ ಕೂಡಿಬರುವುದರಿಂದ ಎಷ್ಟೋ ಕಡೆ ಚರ್ಚಿನ ಅಂಗಳದಲ್ಲೇ ಧ್ವಜ ಹಾರುತ್ತದೆ.

ಹಬ್ಬದ ಬೇರು ಮಾತ್ರ ಚರ್ಚಿಗಿಂತ ಹಳೆಯದು. ಕ್ರಿ.ಪೂ. 18ರಲ್ಲಿ ರೋಮಿನ ಚಕ್ರವರ್ತಿ ಆಗಸ್ಟಸ್ ಈ ತಿಂಗಳಲ್ಲಿ ಬಿಡುವಿನ ದಿನಗಳನ್ನು ಗೊತ್ತು ಮಾಡಿದ. ಸುಗ್ಗಿಯ ಹಬ್ಬಗಳು ಆಗಲೇ ಇದ್ದವು. ಅವಕ್ಕೆ ತನ್ನ ಹೆಸರನ್ನೂ ಸೇರಿಸಿದ. ರಾಜರ ಬುದ್ಧಿ ಎಲ್ಲ ಕಡೆ ಒಂದೇ, ಅಲ್ವಾ? ಆ ಹಬ್ಬಗಳಲ್ಲಿ ನನಗೆ ಜಾಸ್ತಿ ಇಷ್ಟವಾಗಿದ್ದು ಕಾನ್ಸಸ್ ಎಂಬ ದೇವರದ್ದು. ಕೂಡಿಟ್ಟ ಕಾಳನ್ನು ಕಾಯುವ ದೇವರು ಅವನು. ಕಾಳನ್ನು ಹಗೇವಿನಲ್ಲಿ ಇಡುವಂತೆ ಅವನ ಬಲಿಪೀಠವೂ ಮಣ್ಣಿನಡಿ ಇರುತ್ತಿತ್ತು. ಹಬ್ಬದ ದಿನ ಮಣ್ಣು ಸರಿಸಿ ಪೂಜೆ ಮಾಡುತ್ತಿದ್ದರು. ಕುದುರೆ, ಹೇಸರಗತ್ತೆಗಳಿಗೆ ಅವತ್ತು ಕೆಲಸವಿಲ್ಲ. ನಮ್ಮ ಕಾರಹುಣ್ಣಿಮೆಯ ಎತ್ತುಗಳ ಹಾಗೆ ಹೂ ಮುಡಿದು ನಿಲ್ಲುತ್ತಿದ್ದವು.

ಈ ದಣಿವಾರಿಸಿಕೊಳ್ಳುವ ಕಾಲಕ್ಕೇ ಮರಿಯಮ್ಮನವರ ಹಬ್ಬವೂ ಬಂದು ಕೂಡಿತು. ಪೂರ್ವ ದಿಕ್ಕಿನ ಆರ್ಥೊಡಾಕ್ಸ್ ಚರ್ಚುಗಳಲ್ಲಿ ಆಗಸ್ಟ್ 15 ದೇವಮಾತೆ ನಿದ್ರೆಗೆ ಜಾರಿದ ದಿನ. ಅಲ್ಲಿನ ಚಿತ್ರಗಳಲ್ಲಿ ತಾಯಿ ಮಂಚದ ಮೇಲೆ ಮಲಗಿರುತ್ತಾರೆ. ಸುತ್ತ ಪ್ರೇಷಿತರು, ಅಂದರೆ ಯೇಸುವಿನ ಆಪ್ತ ಶಿಷ್ಯರು, ತಲೆ ಬಾಗಿಸಿ ನಿಂತಿರುತ್ತಾರೆ. ಹಿಂದೆ ನಿಂತ ಯೇಸುಸ್ವಾಮಿಯ ಕೈಯಲ್ಲಿ ಬಟ್ಟೆ ಸುತ್ತಿದ ಪುಟ್ಟ ಕೂಸು. ಅದು ತಾಯಿಯ ಆತ್ಮ. ಬೆತ್ಲೆಹೇಮಿನಲ್ಲಿ ತಾಯಿ ಮಗನನ್ನು ಎತ್ತಿಕೊಂಡಿದ್ದರು. ಇಲ್ಲಿ ಮಗ ತಾಯಿಯನ್ನು ಎತ್ತಿಕೊಂಡಿದ್ದಾನೆ. ಪಶ್ಚಿಮದ ಕಥೋಲಿಕ ಚರ್ಚಿನಲ್ಲಿ, ತಾಯಿ ದೇಹ ಸಮೇತ ಸ್ವರ್ಗ ಸೇರಿದ್ದನ್ನು ಎಲ್ಲರೂ ನಂಬಬೇಕಾದ ವಿಶ್ವಾಸದ ಸತ್ಯವೆಂದು ಪೋಪ್ ಹನ್ನೆರಡನೇ ಪಿಯುಸ್ ಸಾರಿದ್ದು 1950ರ ನವೆಂಬರ್ 1ರಂದು. ಆಗಲೂ ಅವರು ಆ ತಾಯಿ ಸತ್ತರು ಅನ್ನಲಿಲ್ಲ, ಸಾಯಲಿಲ್ಲ ಅಂತಲೂ ಅನ್ನಲಿಲ್ಲ. ಭೂಮಿಯ ಬದುಕು ಮುಗಿಸಿದ ಮೇಲೆ ಅಂದರು, ಅಷ್ಟೇ.

1930ರ ದಶಕದಲ್ಲಿ ಇಟಲಿಯ ಸರ್ವಾಧಿಕಾರಿ ಮುಸೊಲಿನಿಯ ಸರ್ಕಾರ ಈ ದಿನಗಳಿಗೆ ಅಗ್ಗದ ರೈಲು ಬಿಟ್ಟಿತು. ಸಮುದ್ರವನ್ನೇ ನೋಡಿರದ ಬಡವರು ಬುತ್ತಿ ಕಟ್ಟಿಕೊಂಡು ಹೊರಟರು. ಬುತ್ತಿಯ ರೂಢಿ ಇವತ್ತಿಗೂ ಉಳಿದಿದೆ. ರೋಮಿನವರಿಗೆ ದೊಣ್ಣೆಮೆಣಸಿನಕಾಯಿ ಹಾಕಿ ಬೇಯಿಸಿದ ಕೋಳಿ ಬೇಕು. ದಕ್ಷಿಣದ ಸಿಸಿಲಿ ದ್ವೀಪದವರು ಕಲ್ಲಂಗಡಿ ರಸಕ್ಕೆ ಗಂಜಿಹಿಟ್ಟು, ಸಕ್ಕರೆ ಹಾಕಿ ಕಾಯಿಸಿ, ಮಲ್ಲಿಗೆಯ ಘಮ ಸೇರಿಸಿ, ತಣ್ಣಗೆ ಗಟ್ಟಿಯಾಗಿಸಿ ತಿನ್ನುತ್ತಾರೆ. ಹಬ್ಬ ಪಿಕ್ನಿಕ್ ಆಗಿಹೋಯಿತು ಅಂತ ಗೊಣಗುವವರು ಅಲ್ಲೂ ಇದ್ದಾರೆ. ನಾನಂತೂ ಗೊಣಗಲಾರೆ. ವರ್ಷವಿಡೀ ದುಡಿದವನು ಅವತ್ತೊಂದು ದಿನ ಮರಳ ಮೇಲೆ ಕಾಲು ಚಾಚಿದರೆ ದೇವಮಾತೆಗೇನು ಬೇಸರ?

ಆದರೆ ಅದೇ ಸಿಸಿಲಿಯ ಮೆಸ್ಸಿನಾದಲ್ಲಿ ಬಿಡುವಿನ ದಿನವೇ ಊರು ಮೈಮುರಿದು ದುಡಿಯುತ್ತದೆ. ಅಲ್ಲಿ ಆ ಸಂಜೆ ‘ವಾರಾ’ ಹೊರಡುತ್ತದೆ. ಸುಮಾರು ಹದಿನಾಲ್ಕು ಮೀಟರ್ ಎತ್ತರದ ಗೋಪುರ, ಟನ್‌ಗಟ್ಟಲೆ ತೂಕ. ತಳದಲ್ಲಿ ಮಲಗಿದ ಮರಿಯಮ್ಮ, ಸುತ್ತ ಪ್ರೇಷಿತರು. ಮೇಲಕ್ಕೆ ಹೋದಂತೆ ಮೋಡ, ದೇವದೂತರು, ತಿರುಗುವ ಸೂರ್ಯ ಚಂದ್ರರು. ತುತ್ತತುದಿಯಲ್ಲಿ ಯೇಸುಸ್ವಾಮಿ, ಅವರ ಚಾಚಿದ ಅಂಗೈ ಮೇಲೆ ತಾಯಿ. ಹಿಂದಿನ ಕಾಲದಲ್ಲಿ ದೇವದೂತರ ಜಾಗದಲ್ಲಿ ನಿಜವಾದ ಮಕ್ಕಳನ್ನೇ ಕಟ್ಟಿ ಕೂರಿಸುತ್ತಿದ್ದರಂತೆ. ಸೂರ್ಯನ ಜೊತೆ ಗರಗರ ಸುತ್ತಿದ ಆ ಮಕ್ಕಳಿಗೆ ಎಷ್ಟು ತಲೆ ತಿರುಗಿತೋ! ಈಗಿರುವುದು ಬೊಂಬೆಗಳು, ಪುಣ್ಯ.

ಈ ಗೋಪುರಕ್ಕೆ ಗಾಲಿಗಳಿಲ್ಲ. ಲೋಹದ ಪಟ್ಟಿಗಳ ಮೇಲೆ ನೆಲಕ್ಕೆ ಉಜ್ಜಿಕೊಂಡೇ ಸಾಗಬೇಕು. ಅದಕ್ಕೇ ಬೀದಿಗೆ ನೀರು ಸುರಿಯುತ್ತಾರೆ. ಬಿಳಿ, ನೀಲಿ ಬಟ್ಟೆ ತೊಟ್ಟ ನೂರಾರು ಜನ, ಗಂಡಸರು ಹೆಂಗಸರು, ಬರಿಗಾಲಲ್ಲಿ ಉದ್ದದ ಎರಡು ಹಗ್ಗ ಹಿಡಿಯುತ್ತಾರೆ. ಒದ್ದೆ ನೆಲದಲ್ಲಿ ಹೆಜ್ಜೆ ಜಾರುತ್ತದೆ. ಮುಂದಿನವರ ಬೆನ್ನಿಗೆ ಹಿಂದಿನವರ ಎದೆ ತಾಗುತ್ತದೆ. ಸೀಟಿ ಊದಿದ ತಕ್ಷಣ ‘ವೀವಾ ಮರೀಯಾ!’ (ಮರಿಯಮ್ಮನಿಗೆ ಜಯವಾಗಲಿ) ಅಂತ ಕೂಗಿ ಒಟ್ಟಿಗೆ ಜಗ್ಗುತ್ತಾರೆ. ದೊಡ್ಡ ಚರ್ಚಿನ ಕಡೆಗೆ ತಿರುಗುವ ತಿರುವಿನಲ್ಲಿ ಎಲ್ಲರ ಜೀವ ಬಾಯಿಗೆ ಬರುತ್ತದೆ. ಅಷ್ಟೆತ್ತರದ್ದು ಅಲ್ಲಿ ವಾಲದೆ ಹೊರಳಬೇಕಲ್ಲ.

ಆ ಹಗ್ಗದಲ್ಲಿ ಹರಕೆ ಹೊತ್ತವರು ಬಹಳ. ಮಗು ಹುಷಾರಾಗಿದ್ದಕ್ಕೆ ಹಿಡಿದವರು, ಅಪ್ಪ ಎಳೆಯುತ್ತಿದ್ದ ಅಂತ ಹಿಡಿದವರು, ಇನ್ನೂ ಕೇಳುತ್ತಲೇ ಇರುವವರು. 1908ರ ಡಿಸೆಂಬರ್ 28ರ ಬೆಳಗಿನ ಜಾವ ಭೂಕಂಪದಲ್ಲಿ ಹೆಚ್ಚುಕಡಿಮೆ ಇಡೀ ಮೆಸ್ಸಿನಾ ನೆಲಸಮವಾಯಿತು. ಸತ್ತವರು ಹತ್ತಾರು ಸಾವಿರ. ಅಷ್ಟು ಕಳೆದುಕೊಂಡ ಊರು ಮತ್ತೆ ಮನೆ ಕಟ್ಟಿಕೊಂಡಿತು, ಮತ್ತೆ ವಾರಾ ಎಳೆಯಿತು. ನನ್ನ ಭಕ್ತಿ ಅಷ್ಟು ಗಟ್ಟಿ ಇದೆಯಾ ಅಂತ ಕೇಳಿಕೊಂಡರೆ ಧೈರ್ಯವಾಗಿ ಹೌದು ಅನ್ನಲಾರೆ. ಆದರೂ ಹಗ್ಗದ ಕೊನೆಯಲ್ಲಿ ಒಂದು ಹಿಡಿಯಷ್ಟು ಜಾಗ ಸಿಕ್ಕರೆ ಚಪ್ಪಲಿ ಬಿಟ್ಟು ಹೋಗಿ ನಿಲ್ಲುತ್ತೇನೆ. ಕಲ್ಲಂಗಡಿ ಆಮೇಲೆ ತಿಂದರಾಯಿತು.