ಅರವತ್ತು ಲಕ್ಷ ಜನರನ್ನ ಹೇಗೆ ನೆನೀತಾರೆ? ಎಲ್ಲರೂ ಕೇಳೋ ಪ್ರಶ್ನೆಗೆ ನನ್ನ ಉತ್ತರ

ಲಂಡನ್ನಲ್ಲಿ ಯಹೂದಿಗಳು ಜಾಸ್ತಿ ಇರೋ ಏರಿಯಾದಲ್ಲಿ ನಮ್ಮನೆ, ಹಾಗಾಗಿ ಊರಿಂದ ಯಾರೇ ಬಂದ್ರೂ ಈ ಮಾತು ಬಂದೇ ಬರುತ್ತೆ: ಹಿಟ್ಲರ್ ಕಾಲದಲ್ಲಿ ನಾಜಿಗಳು ಕೊಂದ ಅರವತ್ತು ಲಕ್ಷ ಯಹೂದಿಗಳನ್ನ ಇವ್ರು ಈಗ್ಲೂ ಹೇಗೆ ನೆನೀತಾರೆ, ದೊಡ್ಡದೊಂದು ಸ್ಮಾರಕ ಕಟ್ಟಿ ವರ್ಷಕ್ಕೊಂದ್ಸಲ ಹೂವು ಇಟ್ಟು ಬರ್ತಾರಾ?

ಸ್ಮಾರಕಗಳೂ ಇವೆ, ಅದಕ್ಕೊಂದು ದಿನಾನೂ ಇದೆ, ಅವರ ಪಂಚಾಂಗದ ನಿಸಾನ್ ತಿಂಗಳ 27ನೇ ದಿನ. ಆದ್ರೆ ನಾನು ನೋಡಿ ಓದಿ ತಿಳ್ಕೊಂಡಿದ್ದು ಹೇಳ್ಬೇಕಂದ್ರೆ, ಅವರ ಕೆಲಸ ಎಲ್ಲಾ ನಡೆಯೋದು ಒಬ್ಬೊಬ್ಬರ ಹೆಸರಿನ ಸುತ್ತ. ಅರವತ್ತು ಲಕ್ಷ ಅನ್ನೋ ಲೆಕ್ಕವನ್ನ ಒಂದೊಂದೇ ಹೆಸರಾಗಿ ಬಿಡಿಸ್ತಾ ಇದ್ದಾರೆ, ಎಂಬತ್ತು ವರ್ಷದಿಂದ.

ಯಾಕೆ ಅಂದ್ರೆ, ನಮ್ಮಲ್ಲಿ ಶ್ರಾದ್ಧಕ್ಕೆ ತಿಥಿ ಬೇಕಲ್ವಾ, ಅವರಿಗೂ ಹಾಗೇನೇ. ಅಪ್ಪನೋ ಅಮ್ಮನೋ ತೀರಿಕೊಂಡ ದಿನ ಪ್ರತಿ ವರ್ಷ ಮನೇಲಿ ಒಂದು ಕ್ಯಾಂಡಲ್ ಹಚ್ತಾರೆ, ಸೂರ್ಯ ಮುಳುಗೋ ಹೊತ್ತಿಗೆ ಹಚ್ಚಿದ್ದು ಮಾರನೇ ದಿನ ಸಂಜೆವರೆಗೂ ಉರೀಬೇಕು, ಮಕ್ಕಳು ಸಿನಗಾಗ್‌ಗೆ (ಅವರ ಪ್ರಾರ್ಥನಾ ಮಂದಿರ) ಹೋಗಿ ಸತ್ತವರಿಗೋಸ್ಕರ ಕದ್ದಿಶ್ ಅನ್ನೋ ಪ್ರಾರ್ಥನೆ ಹೇಳ್ಬೇಕು. ರೈಲಲ್ಲಿ ತುಂಬಿಸಿಕೊಂಡು ಹೋಗಿ ಗ್ಯಾಸ್ ಚೇಂಬರಲ್ಲಿ ಕೊಂದವರ ದಿನ ಯಾರಿಗೆ ಗೊತ್ತಿರುತ್ತೆ? ಸಮಾಧಿ ಇಲ್ಲ, ದಿನ ಗೊತ್ತಿಲ್ಲ, ಎಷ್ಟೋ ಮನೆತನದಲ್ಲಿ ಕದ್ದಿಶ್ ಹೇಳೋಕೆ ಒಂದು ಮಗೂನೂ ಉಳಿದಿಲ್ಲ. ಅದಕ್ಕೇ ಯುದ್ಧ ಮುಗಿದ ಕೆಲವು ವರ್ಷಕ್ಕೇ ಇಸ್ರೇಲಿನ ಮುಖ್ಯ ರಬ್ಬಿಗಳು, ಅಂದ್ರೆ ಧರ್ಮಗುರುಗಳು, ಅವರ ಪಂಚಾಂಗದ ತೇವೇತ್ ತಿಂಗಳ 10ನೇ ದಿನವನ್ನ ಇಂಥವರಿಗೆಲ್ಲಾ ಕದ್ದಿಶ್ ಹೇಳೋ ದಿನ ಅಂತ ಮಾಡಿದ್ರು. ತಿಥಿ ಗೊತ್ತಿಲ್ಲದವರಿಗೆ ನಮ್ಮಲ್ಲಿ ಮಹಾಲಯ ಅಮಾವಾಸ್ಯೆ ಇದೆಯಲ್ಲ, ಹಾಗೆ. ಇಲ್ಲಿ ಬ್ರಿಟನ್ನಲ್ಲಿ ನಿಸಾನ್ 27ಕ್ಕೆ ಹಳದಿ ಬಣ್ಣದ ಕ್ಯಾಂಡಲ್ ಹಂಚ್ತಾರೆ, ಹಳದಿ ಯಾಕಂದ್ರೆ ನಾಜಿಗಳು ಬಟ್ಟೆ ಮೇಲೆ ಹೊಲಿಸಿದ್ದ ಆ ನಕ್ಷತ್ರದ ಬಣ್ಣ ಅದು. ಕ್ಯಾಂಡಲ್ ಜೊತೆ ಒಂದು ಕಾರ್ಡ್ ಕೊಡ್ತಾರೆ, ಅದರಲ್ಲಿ ಸತ್ತ ಒಬ್ಬರ ಹೆಸರು, ಎಲ್ಲಿಯವರು ಅಂತ ಇರುತ್ತೆ, ಆ ರಾತ್ರಿ ನಿಮ್ಮ ಮನೇಲಿ ಆ ಒಬ್ಬರಿಗೋಸ್ಕರ ದೀಪ.

ನನ್ನ ಮನಸ್ಸಿಗೆ ತುಂಬಾ ಹತ್ರವಾಗಿರೋದು ವೆಸ್ಟ್‌ಮಿನ್‌ಸ್ಟರ್ ಸಿನಗಾಗ್‌ನ ಟೋರಾ ಸುರುಳಿಗಳು. ಟೋರಾ ಅಂದ್ರೆ ತೊಗಲಿನ ಮೇಲೆ ಕೈಯಲ್ಲೇ ಬರೆದು ಎರಡು ಮರದ ಕೋಲಿಗೆ ಸುತ್ತಿಟ್ಟ ಅವರ ಧರ್ಮಗ್ರಂಥ, ಒಂದಕ್ಷರ ಅಳಿಸಿಹೋದ್ರೂ ಅದನ್ನ ರಿಪೇರಿ ಮಾಡೋತನಕ ಪೂಜೆಗೆ ಬಳಸೋ ಹಾಗಿಲ್ಲ. 1942ರಲ್ಲಿ ಈಗಿನ ಚೆಕ್ ದೇಶದ ಬೊಹೇಮಿಯಾ, ಮೊರಾವಿಯಾದ ಊರೂರುಗಳಿಂದ ಇವೆಲ್ಲಾ ಪ್ರಾಗ್‌ನ ಯಹೂದಿ ಮ್ಯೂಸಿಯಂಗೆ ಬಂದು ಸೇರಿದ್ವು, ಅಲ್ಲಿ ಪಟ್ಟಿ ಮಾಡಿ ಜೋಡಿಸಿದವರೂ ಯಹೂದಿಗಳೇ, ಅವರಲ್ಲಿ ಹೆಚ್ಚಿನವರನ್ನ ಆಮೇಲೆ ಕ್ಯಾಂಪಿಗೆ ಕಳಿಸಿದ್ರು. ಯುದ್ಧ ಮುಗಿದು ಎಷ್ಟೋ ವರ್ಷ ಸುರುಳಿಗಳು ಪ್ರಾಗ್ ಹೊರವಲಯದ ಮಿಖ್ಲೆ ಅನ್ನೋ ಕಡೆ ಒಂದು ತೇವದ ಕಟ್ಟಡದಲ್ಲಿ ಬಿದ್ದಿದ್ವು. 1964ರ ಫೆಬ್ರವರಿಯಲ್ಲಿ 1,564 ಸುರುಳಿಗಳು ಲಂಡನ್ನಿಗೆ ಬಂದ್ವು. ಆಮೇಲೆ ಒಂದಿನ ಡೇವಿಡ್ ಬ್ರಾಂಡ್ ಅನ್ನೋ ಲಿಪಿಕಾರ ಸಿನಗಾಗ್ ಬಾಗಿಲು ತಟ್ಟಿ, ರಿಪೇರಿಗೆ ಟೋರಾ ಏನಾದ್ರೂ ಇದ್ಯಾ ಅಂತ ಕೇಳಿದ್ರಂತೆ, ಒಳಗಿರೋದನ್ನ ನೋಡಿದವರು ಅಲ್ಲೇ ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕೂತು ಕೆಲಸ ಮಾಡಿದ್ರು, ಬಿಟ್ಟುಹೋದ ಹೊಲಿಗೆ ಹಾಕಿ, ಮಾಸಿದ ಅಕ್ಷರದ ಮೇಲೆ ಮತ್ತೆ ಶಾಯಿ ತುಂಬಿ.

ಈ ಸುರುಳಿಗಳನ್ನ ಮಾರಲ್ಲ. ಅಮೆರಿಕ, ಬ್ರಿಟನ್, ಇನ್ನೂ ಎಷ್ಟೋ ದೇಶದ ಸಿನಗಾಗ್‌ಗಳಿಗೆ ಸಾಲದ ಹಾಗೆ ಕೊಟ್ಟಿದ್ದಾರೆ, ಪ್ರತಿಯೊಂದಕ್ಕೂ ಒಂದು ನಂಬರ್ ಇರುತ್ತೆ. ತಗೊಂಡವರು ಅದು ಬಂದ ಊರನ್ನ ನೆನೀಬೇಕು. ಹಾಗಾಗಿ ಎಲ್ಲೋ ಅಮೆರಿಕದ ಒಂದು ಸಿನಗಾಗ್‌ನವರು ತಾವು ಕಂಡೇ ಇರದ ಚೆಕ್ ಊರಿನ ದಾಖಲೆ ಹುಡುಕಿ, ಅಲ್ಲಿದ್ದ ಕುಟುಂಬಗಳ ಹೆಸರು ತೆಗೆದು, ಪ್ರಾರ್ಥನೆ ವೇಳೆ ಓದ್ತಾರೆ. ಆ ಸುರುಳಿ ಹಿಡ್ಕೊಂಡು ಹದಿಮೂರು ವರ್ಷದ ಮಕ್ಕಳು ಬಾರ್ ಮಿತ್ಸ್ವಾ, ಅಂದ್ರೆ ಧರ್ಮದ ಲೆಕ್ಕದಲ್ಲಿ ದೊಡ್ಡವರಾದ್ರು ಅನ್ನೋ ಆಚರಣೆ, ಮಾಡ್ಕೋತಾರೆ. ಯಾವ ಊರಲ್ಲಿ ಓದೋರೇ ಇಲ್ಲದಂಗೆ ಮಾಡಿದ್ರೋ ಆ ಊರಿನ ಟೋರಾ ಇವತ್ತೂ ಓದಿಸ್ಕೋತಾ ಇದೆ, ನನಗಂತೂ ಇದಕ್ಕಿಂತ ದೊಡ್ಡ ಸ್ಮಾರಕ ಗೊತ್ತಿಲ್ಲ.

ಪ್ರಾಗ್‌ಗೆ ಟೂರ್ ಹೋಗೋರಿಗೆ ನಾನು ಪಿಂಕಾಸ್ ಸಿನಗಾಗ್ ನೋಡದೆ ಬರಬೇಡಿ ಅಂತ ಹೇಳ್ತೀನಿ. ಗೋಡೆ ತುಂಬಾ ನಾಜಿಗಳು ಕೊಂದ ಚೆಕ್ ಯಹೂದಿಗಳ ಸುಮಾರು 78,000 ಹೆಸರು, ಊರಿನ ಪ್ರಕಾರ, ಕೈಯಲ್ಲೇ ಬರೆದಿದ್ದು. 1950ರ ದಶಕದಲ್ಲಿ ಬರೆದ್ರು, 1968ರಲ್ಲಿ ನೆಲದ ತೇವ ಅಂತ ಮುಚ್ಚಿದ್ರು, ಕಮ್ಯುನಿಸ್ಟ್ ಸರ್ಕಾರದ ಕಾಲದಲ್ಲಿ ಹೆಸರುಗಳೇ ಹೋದ್ವು. ಸರ್ಕಾರ ಬಿದ್ದ ಮೇಲೆ 1992ರಿಂದ 1996ರವರೆಗೆ ಎಲ್ಲವನ್ನೂ ಮತ್ತೆ ಬರೆದ್ರು, ಒಂದೊಂದನ್ನೂ. ಫೋಟೋ ತೆಗೆದು ಎರಡೇ ನಿಮಿಷಕ್ಕೆ ಹೊರಗೆ ಬರೋರನ್ನ ಕಂಡ್ರೆ ಬೇಜಾರಾಗುತ್ತೆ, ಒಂದು ಊರಿನ ಹೆಸರುಗಳನ್ನಾದ್ರೂ ಪೂರ್ತಿ ಓದಿ ಬನ್ನಿ.

ನ್ಯೂಯಾರ್ಕ್, ಬ್ಯೂನಸ್ ಐರಿಸ್ ಕಡೆ ವಲಸೆ ಹೋದ ಯಹೂದಿಗಳು ತಮ್ಮ ಹಳೇ ಊರಿಗೊಂದು ಅಂತ ನೂರಾರು ನೆನಪಿನ ಪುಸ್ತಕ ಮಾಡಿದ್ರು, ನೆನಪಿಂದಲೇ ಬರೆದ ಬೀದಿಗಳ ಮ್ಯಾಪು, ಕೊನೆಗೆ ಸತ್ತವರ ಪಟ್ಟಿ.

ಇನ್ನೂ ಕೆಲವರು ಕೇಳ್ತಾರೆ, ಇಷ್ಟು ವರ್ಷ ಆಯ್ತಲ್ಲ, ಇನ್ನೂ ಮುಗಿದಿಲ್ವಾ ಅಂತ. ಮುಗಿದಿಲ್ಲ. ಹೀಗೆ ಸತ್ತವರ ನೆನಪಿಗೆ ಅಂತಲೇ ಇರೋ ಜೆರುಸಲೇಮಿನ ಯಾದ್ ವಾಶೆಮ್ ಸಂಸ್ಥೆ 1950ರ ದಶಕದಿಂದ ಒಂದು ಫಾರಂ ತುಂಬಿಸ್ಕೋತಾ ಇದೆ, ಸತ್ತವರ ಹೆಸರು, ಅಪ್ಪ ಅಮ್ಮನ ಹೆಸರು, ಊರು, ಕೆಲಸ, ಕೆಳಗೆ ತುಂಬಿದವರ ಸಹಿ. ಫಾರಂ ಮತ್ತೆ ಬೇರೆ ದಾಖಲೆ ಎಲ್ಲಾ ಸೇರಿ ಸುಮಾರು 50 ಲಕ್ಷ ಹೆಸರು ಸಿಕ್ಕಿವೆ. ಫ್ರಾನ್ಸ್‌ನಂಥ ಕಡೆ ರೈಲು ಹತ್ತಿಸೋವಾಗ ಟೈಪ್ ಮಾಡಿದ ಪಟ್ಟಿ ಇತ್ತು, ಅದನ್ನಿಟ್ಕೊಂಡೇ ಪ್ಯಾರಿಸ್‌ನಲ್ಲಿ 76,000 ಹೆಸರಿನ ಗೋಡೆ ಕಟ್ಟೋಕಾಯ್ತು. ಉಕ್ರೇನ್, ಬೆಲಾರುಸ್ ಕಡೆ ಊರಾಚೆ ಹಳ್ಳದ ಹತ್ರ ನಿಲ್ಲಿಸಿ ಗುಂಡು ಹೊಡೆದಾಗ ಎಷ್ಟೋ ಕಡೆ ಯಾರೂ ಹೆಸರು ಬರ್ಕೊಂಡಿಲ್ಲ, ಮನೆ ಮನೆಯೇ ಹೋದ್ರೆ ಫಾರಂ ತುಂಬೋಕೂ ಯಾರಿಲ್ಲ. ಆ ಹೆಸರುಗಳಿಗೋಸ್ಕರ ಈಗ್ಲೂ ಹಳೇ ಕಾಗದ, ಫೋಟೋ ಹಿಂದಿನ ಬರಹ, ದೂರದ ನೆಂಟರ ಮಾತು ಎಲ್ಲಾ ಹುಡುಕ್ತಾನೇ ಇದ್ದಾರೆ.