ಇಷ್ಟು ಕರೆಕ್ಟಾಗಿ ಮಾಡಿ ಮಧ್ಯೆ ಈ ತರ್ಲೆ ಯಾಕ್ರೀ?

ನನ್ನ ಮಾಡೆಲ್ ರೈಲು ಲೇಔಟ್ (ಪುಟಾಣಿ ಹಳಿ, ರೈಲು, ಸ್ಟೇಷನ್ ಎಲ್ಲಾ ಜೋಡಿಸಿರೋದು) ನೋಡೋಕೆ ಬಂದೋರೆಲ್ಲ ಕೇಳೋ ಪ್ರಶ್ನೆ ಇದು. ತರ್ಲೆ ಅಂದ್ರೆ ಏನಿಲ್ಲ, ಸ್ಟೇಷನ್ನಿನ ಟಿಕೆಟ್ ಕೌಂಟರ್ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗೀಚಿದಂಗೆ ಸಣ್ಣಗೆ "ನಾಳೆ ಬಾ" ಅಂತ ಬರ್ದಿದೀನಿ, ಅದರ ಮುಂದೆ ಉದ್ದ ಕ್ಯೂ ಬೇರೆ.

ನೋಡಿ, ಕರೆಕ್ಟು ಅಂತ ನೀವು ಅನ್ಕೊಂಡಿರೋದೇ ಅರ್ಧ ಸುಳ್ಳು. ಇದು ಎಚ್‌ಓ ಅನ್ನೋ ಸ್ಕೇಲು, ಅಂದ್ರೆ 1:87, ನಿಜವಾದ್ದರ 87ರಲ್ಲಿ ಒಂದು ಪಾಲು, ಮನುಷ್ಯ ಅಂದ್ರೆ 2 ಸೆಂಟಿಮೀಟರ್ ಆಸುಪಾಸು. ಈ ಲೆಕ್ಕದಲ್ಲಿ ಒಂದೇ ಒಂದು ಕಿಲೋಮೀಟರಿಗೆ 11.5 ಮೀಟರ್ ಜಾಗ ಬೇಕು, ನಮ್ಮನೆ ರೂಮಲ್ಲಿ ಪಕ್ಕದ ಸ್ಟೇಷನ್ ಬರೋಕೆ ಮುಂಚೆ ಗೋಡೆ ಬಂದಿರುತ್ತೆ. ಹಳಿ ವಿಷ್ಯ ಕೇಳ್ಲೇಬೇಡಿ, ನಮ್ಮ ಬ್ರಾಡ್‌ಗೇಜಲ್ಲಿ ಎರಡು ಹಳಿ ನಡುವಿನ ಅಂತರ 1676 ಮಿಲಿಮೀಟರ್, ಅದನ್ನ 87ರಿಂದ ಭಾಗಿಸಿದ್ರೆ 19ರ ಮೇಲೆ ಬರ್ಬೇಕು, ಆದ್ರೆ ಅಂಗಡೀಲಿ ಸಿಗೋದು ಹೊರದೇಶದ 1435ರ ಗೇಜಿನ ಲೆಕ್ಕಕ್ಕೆ ಮಾಡಿರೋ 16.5ರ ಹಳಿ, ಅದರ ಮೇಲೇ ನಮ್ಮ ರೈಲೂ ಓಡ್ಬೇಕು. ಇಷ್ಟೆಲ್ಲಾ ನುಂಗ್ಕೊಂಡೋರಿಗೆ ಒಂದು "ನಾಳೆ ಬಾ" ಗಂಟಲಲ್ಲಿ ಸಿಕ್ಕಿಹಾಕ್ಕೊಳ್ಳುತ್ತಾ?

ಎಲ್ಲಾ ಕರೆಕ್ಟಾಗಿ ಮಾಡಿ ಮಧ್ಯೆ ತರ್ಲೆ ಇಡೋ ಈ ವಿದ್ಯೆಗೆ ಗುರು ಅಂದ್ರೆ ಕ್ಯಾಲಿಫೋರ್ನಿಯಾದ ಮಾಂಟೆರೇಲಿದ್ದ ಜಾನ್ ಅಲೆನ್, 1973ರಲ್ಲಿ ತೀರ್ಕೊಂಡ್ರು. ಅವರ ಮಾಡೆಲ್ ರೈಲ್ವೇ ಹೆಸರು ಬರೆದಿರೋದು (Gorre & Daphetid) ನೋಡಿದ್ರೆ ಯಾವುದೋ ಎರಡು ಊರಿನ ಹೆಸರಿದ್ದಂಗಿದೆ, ಬಾಯ್ಬಿಟ್ಟು ಓದಿದ್ರೆ "ಗೋರಿ ಅಂಡ್ ಡಿಫೀಟೆಡ್", ರಕ್ತ ಸುರಿಸ್ಕೊಂಡು ಸೋತೋರು ಅಂತ! ಅಲ್ಲಿ ಯಾರ್ಡಲ್ಲಿ ಬೋಗಿಗಳನ್ನ ಅತ್ತಿತ್ತ ಸರಿಸಿ ಶಂಟಿಂಗ್ ಮಾಡ್ತಿದ್ದಿದ್ದು ಎಮ್ಮಾ ಅನ್ನೋ ಸ್ಟೆಗೊಸಾರಸ್ಸು, ಹೌದು, ಡೈನೋಸಾರೇ. ಆದ್ರೆ ಅದೇ ಲೇಔಟಲ್ಲಿ ಬೆಟ್ಟಗಳು ನೆಲದಿಂದ ಸೂರಿನ ತನಕ, ಗೋಡೆ ಹಲಗೆ ಎಲ್ಲಾ ಬಿಸಿಲು ಮಳೆಗೆ ಹಳೇದಾದಂಗೆ ಬಣ್ಣ, ಸ್ನೇಹಿತ್ರೆಲ್ಲ ಸೇರಿ ಟೈಮ್‌ಟೇಬಲ್ ಇಟ್ಕೊಂಡು, ಜೋರಾಗಿ ಓಡೋ ಗಡಿಯಾರ ನೋಡ್ಕೊಂಡು, ನಿಜವಾದ ರೈಲ್ವೇಲಿ ಕೆಲ್ಸ ಮಾಡಿದಂಗೆ ಗಾಡಿ ನಡೆಸ್ತಿದ್ರು. ಎಮ್ಮಾ ನೋಡಿ ನಗು ಬರೋದು ಅದಕ್ಕೇ. ಸುತ್ತಮುತ್ತ ಎಲ್ಲಾ ಬೇಕಾಬಿಟ್ಟಿ ಇದ್ದಿದ್ರೆ ಅದು ಇನ್ನೊಂದು ಪ್ಲಾಸ್ಟಿಕ್ ಗೊಂಬೆ ಅಷ್ಟೆ.

ಜರ್ಮನಿಯ ಹ್ಯಾಂಬರ್ಗ್‌ನ ಮಿನಿಯಟೂರ್ ವುಂಡರ್‌ಲ್ಯಾಂಡ್ ಅನ್ನೋ ಮಾಡೆಲ್ ರೈಲು ಪ್ರದರ್ಶನದಲ್ಲೂ (2001ರಿಂದ ಇದೆ) ಹಂಗೇ, ವಿಮಾನಗಳು ರನ್‌ವೇಲಿ ಓಡಿ ನೀಟಾಗಿ ಮೇಲೇರ್ತಿರುತ್ವೆ, ಅಪರೂಪಕ್ಕೊಮ್ಮೆ ಸಿನಿಮಾದ ಅಂತರಿಕ್ಷ ನೌಕೆ ಬಂದು ಇಳಿಯುತ್ತೆ.

ತಮಾಷೆ ಮಾತ್ರ ಕರೆದು ತೋರಿಸ್ಬಾರ್ದು, ಬಗ್ಗಿ ಇಣುಕಿದೋರಿಗಷ್ಟೇ ಸಿಗ್ಬೇಕು. ರೆಡಿಮೇಡ್ ತಮಾಷೆ ಗೊಂಬೆ ಸೆಟ್‌ಗಳೂ ಸಿಗ್ತವೆ, ನಂಗೆ ಅಷ್ಟಕ್ಕಷ್ಟೇ, ಬೇರೆಯೋರ ಜೋಕ್ ದುಡ್ಡು ಕೊಟ್ಟು ತಂದಂಗೆ. ಇನ್ನು ಹೊಸದಾಗಿ ಶುರು ಮಾಡೋರು ಮೊದ್ಲು ಪಾಯಿಂಟ್ಸು (ರೈಲು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗೋ ಜಾಗ), ವೈರಿಂಗು ಸರಿ ಮಾಡ್ಕೊಳಿ, ಬೋಗಿ ಹಳಿ ತಪ್ಪದೆ ನಾಕು ಸುತ್ತು ಓಡ್ಲಿ, ಆಮೇಲೆ ಡೈನೋಸಾರ್ ತನ್ನಿ.